ಕಾಲೇಜು ಮಕ್ಕಳು ತಮ್ಮ ಖರ್ಚಿಗೆ ತಾವೇ ದುಡಿಯಬೇಕಾ?

ಪರ: ಒಬ್ಬ ಅಪ್ಪ, ಕೋಲಾರ ತಾಲ್ಲೂಕು

ಮಗ ಬಿ.ಕಾಂ. ಸೇರಿದ ವರ್ಷ ದಿನಾ ಬೆಳಿಗ್ಗೆ ಒಂದೇ ರಾಗ: "ಅಪ್ಪಾ, ಫೋನ್‌ಪೇ ಮಾಡು." ಐವತ್ತು, ನೂರು, ಇನ್ನೂರು. ಎಲ್ಲಿ ಹೋಯ್ತು ಅಂತ ಕೇಳಿದರೆ ಅವನಿಗೇ ಗೊತ್ತಿಲ್ಲ. ಸುಳ್ಳು ಹೇಳುವ ಹುಡುಗನಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ.

ಸುಮ್ನೆ ಬೈದು ಏನು ಬಂತು? ಕೊಟ್ಟಿಗೆಯ ಎರಡು ಸೀಮೆಹಸುಗಳಲ್ಲಿ ಒಂದನ್ನು ಅವನಿಗೆ ಬಿಟ್ಟೆ. ಅದರ ಹಾಲಿನ ದುಡ್ಡು ಅವನದು, ಹಿಂಡಿ-ಬೂಸಾ ಖರ್ಚೂ ಅವನದೇ. ಡೇರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಮೊದಲ ಬಟವಾಡೆಗೆ ಶೂ ತಂದ. ಮುಂದಿನ ವಾರ ಬೂಸಾ ಮೂಟೆ ಖಾಲಿ. ಸಾಲ ಕೇಳಿದ, ಕೊಡಲಿಲ್ಲ. ನಾಲ್ಕು ದಿನ ಹಸು ಬರೀ ಹುಲ್ಲು ತಿಂದಿತು. ಹಾಲು ಇಳಿಯಿತು, ಬಟವಾಡೆಯೂ ಇಳಿಯಿತು. ಮೂಕಪ್ರಾಣಿ ಏನು ಮಾಡಿತ್ತು ಅಂತ ಮನೆಯವಳು ನನ್ನ ಮೇಲೆ ರೇಗಿದಳು. ಅವಳು ಹೇಳಿದ್ದೂ ಸರಿಯೇ. ಆದರೆ ಅಲ್ಲಿಂದೀಚೆಗೆ ಅವನ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಮೊದಲ ಸಾಲು 'ಬೂಸಾ'. ಉಳಿದದ್ದೆಲ್ಲ ಅದರ ಕೆಳಗೆ.

ನಮ್ಮ ಕಡೆ ಇದು ಜಾಸ್ತಿಯೇ ಬೇಕು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು. ಜುಲೈ ದುಡ್ಡು ನೋಡಿ ಮಗನಿಗೆ ಕಂತಿನ ಮೇಲೆ ಬೈಕ್ ಕೊಡಿಸಿದವರು ನಮ್ಮೂರಲ್ಲೇ ಇದ್ದಾರೆ. ಬಂದ ದುಡ್ಡೆಲ್ಲ ನಮ್ಮದಲ್ಲ, ಮುಂದಿನ ಬೆಳೆಯ ಸಸಿ, ಗೊಬ್ಬರ ಎಲ್ಲ ಅದರಲ್ಲೇ ಇದೆ. ಇದು ಹೇಳಿದರೆ ತಲೆಗೆ ಹೋಗೋದಿಲ್ಲ, ಒಮ್ಮೆ ಕೈ ಸುಟ್ಟುಕೊಳ್ಳಬೇಕು.

ವಿರೋಧ: ಕಾಲೇಜು ಉಪನ್ಯಾಸಕಿ, ಕೋಲಾರ

ಮನೆಯಲ್ಲಿ ಹಸು ಇದ್ದವರಿಗೆ ಆಯ್ತು. ಇಲ್ಲದವರು ಎಲ್ಲಿಗೆ ಹೋಗಬೇಕು? ನನ್ನ ಕ್ಲಾಸಿನ ಹುಡುಗನೊಬ್ಬ ಮಂಡಿಗೆ ಹೋಗುತ್ತಿದ್ದ. ರಾತ್ರಿಯೆಲ್ಲ ಲಾರಿಗೆ ಬಾಕ್ಸು ತುಂಬಿ ಬೆಳಿಗ್ಗೆ ನೇರ ಕ್ಲಾಸಿಗೆ. ಅಂಗೈಯಲ್ಲಿ ಬಾಕ್ಸಿನ ಅಂಚು ಕೊರೆದ ಕೆಂಪು ಗೆರೆ. ಮೊದಲ ಪೀರಿಯಡ್‌ನಲ್ಲಿ ನೋಟ್ಸ್ ಬರೆಯುತ್ತಾ ಬರೆಯುತ್ತಾ ಅವನ ಪೆನ್ನು ಜಾರಿ ಪುಟದ ಕೆಳಗಿನವರೆಗೂ ಉದ್ದ ಗೀಟು ಎಳೆದುಬಿಡುತ್ತಿತ್ತು.

ಅವನಿಗೆ ಶ್ರಮ ಕಲಿಸಬೇಕಾ? ದುಡಿಯೋದು ಬೇರೆ, ದುಡ್ಡಿನ ಲೆಕ್ಕ ಬೇರೆ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಶುರುವಾಗುತ್ತದೆ. ಬಡ್ಡಿ ಮಾತ್ರ ಅಷ್ಟು ದಿನ ಕಾಯೋದಿಲ್ಲ, ಸಾಲ ಕೈಗೆ ಬಂದಾಗಿನಿಂದ ಬೆಳೆಯುತ್ತಲೇ ಇರುತ್ತದೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಕಾಗದದ ಮೇಲೆ ಬಿಡಿಸಿ ತೋರಿಸಲಿ. ಅದಕ್ಕೆ ಅವನು ಬಾಕ್ಸು ಹೊರಬೇಕಿಲ್ಲ.

ಹೆಣ್ಣುಮಕ್ಕಳದ್ದು ಇನ್ನೊಂದು ಕಥೆ. ಸಗಣಿ ಬಾಚಿ, ಡೇರಿಗೆ ಹಾಲು ಹಾಕಿ, ಎಂಟರ ಬಸ್ ಹಿಡಿದು ಬರುತ್ತಾರೆ. ಮಗಳಿಗೆ ಹಸು ಬಿಟ್ಟುಕೊಟ್ಟ ಅಪ್ಪನನ್ನು ನಾನಂತೂ ನೋಡಿಲ್ಲ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ ಫ್ರೀ ಆದ ಮೇಲೆ, "ನಿಂಗೇನೇ ಖರ್ಚು?" ಅಂತ ಕೈಗೆ ಹತ್ತು ರೂಪಾಯಿಯೂ ಇಡದ ಮನೆಗಳಿವೆ.

ಆ ಹುಡುಗ ಎರಡನೇ ವರ್ಷದ ಫೀಸು ತಾನೇ ಕಟ್ಟಿದ. ರಸೀದಿ ತಂದು ತೋರಿಸಿದಾಗ ಮುಖ ಅರಳಿತ್ತು. ಅದೇ ವಾರ ಹಾಜರಾತಿ ಪಟ್ಟಿ ಹಾಕಿದರು. ಪರೀಕ್ಷೆಗೆ ಕೂರಲು 75 ಪರ್ಸೆಂಟ್ ಬೇಕು. ಅವನದು 61 ಇತ್ತು.