ಇನ್ನೊಂದು ಹತ್ತು ಸಾವಿರ ಹಾಕು!

ನಿನ್ನೆ ಸಂಜೆ ಭಾವ ಬಂದು ಹೋದ ಮೇಲೆ ನನ್ನ ಕ್ಯಾಮೆರಾ ಬಜೆಟ್ಟು ಮತ್ತೆ ಹತ್ತು ಸಾವಿರ ಏರಿದೆ. ಕ್ಯಾಮೆರಾ ಮಾತ್ರ ಇನ್ನೂ ಬಂದಿಲ್ಲ.

ನಮ್ಮ ಶಿರಸಿ ಕಡೆ ಸಾಲ ಮಾಡಿ ಜೀಪು ತಂದರೂ ಯಾರೂ ಇಷ್ಟು ಸಲಹೆ ಕೊಡಲ್ಲ. ಕ್ಯಾಮೆರಾ ತಗೋಬೇಕು ಅಂತ ಒಂದ್ಸಲ ಬಾಯಿ ಬಿಟ್ಟು ನೋಡಿ. ಸೊಸೈಟಿಯಲ್ಲಿ ಅಡಿಕೆ ರೇಟು ಕೇಳೋಕೆ ನಿಂತವರೂ ತಿರುಗಿ "ಎಷ್ಟು ಮೆಗಾಪಿಕ್ಸೆಲ್?" ಅಂತಾರೆ. 24 ಅಂದರೆ ಮುಖ ಸಪ್ಪಗಾಗುತ್ತೆ. ಅವರ ಮೊಬೈಲಲ್ಲೇ 108 ಇದೆಯಂತೆ. ಮೊಬೈಲಿನ ಸೆನ್ಸರ್ ಉಗುರಿನಷ್ಟು, ಕ್ಯಾಮೆರಾದ್ದು ಅದಕ್ಕಿಂತ ಎಷ್ಟೋ ದೊಡ್ಡದು, ಬೆಳಕು ಹಿಡಿಯೋದು ಅದು ಕಣ್ರೀ ಅಂತ ವಿವರಿಸುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತೆ.

ಭಾವನ ಬಸ್ಸು ಬರಲ್ಲ. ಅವರದ್ದು ಸ್ವಂತ ಬೈಕು.

ಅವರು ಜಗಲಿಯಲ್ಲಿ ಕೂತರೆ ಮೊದಲು ಕವಳ. ಎಲೆ ಒರೆಸಿ, ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳಿಟ್ಟು ಮಡಚಿ ದವಡೆಗೆ ಸೇರಿಸುವವರೆಗೆ ಜಪಾನಿನ ಕಂಪನಿಗಳೆಲ್ಲ ಕಾಯಬೇಕು. ನಿನ್ನೆ ನಾನು ಧೈರ್ಯ ಮಾಡಿ, ಕ್ರಾಪ್ ಸೆನ್ಸರ್ ಬಾಡಿ, ಅಂದರೆ ಸ್ವಲ್ಪ ಸಣ್ಣ ಸೆನ್ಸರಿಂದು, ಜೊತೆಗೆ ಬರೋ 18-55 ಕಿಟ್ ಲೆನ್ಸು, ಅದರ ಮೇಲೆ ಜಾಸ್ತಿ ಬೆಳಕು ಬಿಡೋ 50 ಎಂಎಂ, ಎಫ್ 1.8 ಲೆನ್ಸೊಂದು ಅಂದೆ. ಭಾವ ರಸ ಚೆಲ್ಲದ ಹಾಗೆ ಗಲ್ಲ ಮೇಲೆತ್ತಿ, "ಹುಲ್ ಎಮ್" ಅಂದರು.

"ಎಂತ ಭಾವಾ?"

"ಹುಲ್ಲ್ ಎಮ್ಮ್!"

ಒಳಗಿಂದ ಆಯಿ ಕೂಗಿದಳು: "ಎಮ್ಮೆಗೆ ಹುಲ್ಲು ಆಗ್ಲೇ ಹಾಕಿದ್ದಿ!"

ಭಾವ ಎದ್ದು, ಅಂಗಳದ ಅಂಚಿಗೆ ಹೋಗಿ, ಉಗಿದು, ಬಾಯಿ ಮುಕ್ಕಳಿಸಿ, ಪಂಚೆಯ ತುದಿಯಲ್ಲಿ ಒರೆಸಿಕೊಂಡು ಬಂದು ಹೇಳಿದರು. "ಫುಲ್ ಫ್ರೇಮ್ ತಗ ತಮಾ. ಹೆಂಗಿದ್ರೂ ಇಷ್ಟು ಹಾಕ್ತೆ. ಇನ್ನೊಂದು ಹತ್ತು ಸಾವಿರ ಹಾಕು."

ಫುಲ್ ಫ್ರೇಮ್ ಅಂದರೆ ಕ್ರಾಪಿಗಿಂತ ದೊಡ್ಡ ಸೆನ್ಸರಿನ ಕ್ಯಾಮೆರಾ. ಆದರೆ ಈ 'ಇನ್ನೊಂದು ಹತ್ತು' ಇದೆಯಲ್ಲ, ಅದೇ ನನ್ನ ತಲೆನೋವು. ಹತ್ತು ಹಾಕಿದರೆ ಮೇಲಿನ ಮಾಡೆಲ್ಲು. ಅದಕ್ಕೆ ಹತ್ತು ಹಾಕಿದರೆ ಮಳೆ, ಧೂಳು ತಡೆಯೋ ವೆದರ್ ಸೀಲಿಂಗು. ಇನ್ನೊಂದು ಹತ್ತಕ್ಕೆ ಎರಡು ಕಾರ್ಡು ಹಾಕೋ ಜಾಗ. ಹತ್ತು ಹತ್ತು ಕೂಡಿ ಬಾಡಿಯೇ ಲಕ್ಷ ದಾಟಿತು, ಲೆನ್ಸಿಗೆ ದುಡ್ಡು ಉಳಿಯಲಿಲ್ಲ. ಬರೀ ಬಾಡಿ ಕುತ್ತಿಗೆಗೆ ಕಟ್ಟಿಕೊಂಡು ಬಾವಿಗಿಳಿಸಿದ ಕೊಡದ ಹಾಗೆ ತೂಗಾಡಿಸಿಕೊಂಡು ಓಡಾಡಬೇಕಷ್ಟೇ. ಯಾವ ಕಂಪನಿಯ ಬಾಡಿ ತಗೊಂಡರೆ ಅದರ ಮೌಂಟಿಗೆ, ಅಂದರೆ ಲೆನ್ಸು ಸಿಕ್ಕಿಸೋ ಬಾಯಿಗೆ, ಕೂರುವ ಲೆನ್ಸಿಗೇ ಜೋತು ಬೀಳಬೇಕು, ಬಾಡಿ ಹಳೆಯದಾದರೂ ಒಳ್ಳೆ ಲೆನ್ಸು ಉಳಿಯುತ್ತೆ, ಹಾಗಾಗಿ ದುಡ್ಡು ಅಲ್ಲಿ ಹಾಕಬೇಕು ಅಂತ ನನ್ನ ವಾದ. ಕೇಳೋರು ಯಾರು?

ಹಾಗಂತ ಭಾವನ ಹತ್ರ ಫುಲ್ ಫ್ರೇಮ್ ಇಲ್ಲ ಅಂದ್ಕೋಬೇಡಿ. ಇದೆ. ಜೊತೆಗೆ 70-200, ಎಫ್ 2.8. ಲೆನ್ಸೊಂದೇ ಒಂದೂವರೆ ಕೆಜಿ. ಮಳೆಗಾಲದಲ್ಲಿ ಫಂಗಸ್ ಬರುತ್ತೆ ಅಂತ ಅದು ಸಿಲಿಕಾ ಜೆಲ್ ಜೊತೆ ಡಬ್ಬದೊಳಗೆ. ಮಳೆ ನಿಂತ ಮೇಲೆ ಅಡಿಕೆ ಕೊಯ್ಲು. ಬೇಸಿಗೆಯಲ್ಲಿ ಧೂಳು.

ಫಂಗಸ್ಸಿನ ವಿಷಯದಲ್ಲಿ ಮಾತ್ರ ಭಾವನ ಮಾತು ಸುಳ್ಳಲ್ಲ. ಸೆಕೆಂಡ್ ಹ್ಯಾಂಡ್ ಲೆನ್ಸೊಂದು ಇದೆ ಅಂತ ದೇವಿಮನೆ ಘಟ್ಟ ಇಳಿದು ಕಾರವಾರದವರೆಗೆ ಹೋಗಿದ್ದೆ. ಮೊಬೈಲ್ ಟಾರ್ಚು ಹಿಂದಿಂದ ಬಿಟ್ಟು ನೋಡಿದರೆ ಗಾಜಿನ ಒಳಗೆ ಬೆಳ್ಳಗೆ, ಸಣ್ಣ ಸಣ್ಣ ಎಳೆ, ಅಂಚಿಂದ ನಡುವಿಗೆ ಹಬ್ಬಿದೆ. ಮಾರುವವನು ಕಣ್ಣು ಮಿಟುಕಿಸದೆ "ಅದು ಕಂಪನಿ ಡಿಸೈನು ಸರ್" ಅಂದ. ಘಟ್ಟ ಹತ್ತುವಾಗ ಬಸ್ಸಲ್ಲಿ ಒಬ್ಬನೇ ನಗುತ್ತಿದ್ದೆ, ಪಕ್ಕದವರು ಸ್ವಲ್ಪ ಸರಿದು ಕೂತರು.

ನನಗೆ ಬೇಕಿರೋದು ಇಷ್ಟೇ. ದಾಂಡೇಲಿಯ ಮಂಗಟ್ಟೆ ಹಕ್ಕಿ ಬೇಡ, ಆಕಾಶಗಂಗೆ ಬೇಡ. ಯಕ್ಷಗಾನದಲ್ಲಿ ಮೊದಲ ಸಾಲಲ್ಲಿ ಕೂತು ವೇಷದ ಮುಖ ತೆಗೀಬೇಕು. ರಾತ್ರಿಯ ಆ ಬೆಳಕಲ್ಲಿ ಕಿಟ್ ಲೆನ್ಸು 55ಕ್ಕೆ ಹೋದರೆ ಎಫ್ 5.6. ಈ ಎಫ್ ಸಂಖ್ಯೆ ಸಣ್ಣದಾದಷ್ಟೂ ಬೆಳಕು ಹೆಚ್ಚು. 1.8ರ ಲೆನ್ಸು ಅದರ ಹತ್ತಿರ ಹತ್ತಿರ 10 ಪಟ್ಟು ಬೆಳಕು ಒಳಗೆ ಬಿಡುತ್ತೆ. ಕ್ರಾಪ್ ಬಾಡಿ ಮೇಲೆ 50 ಅನ್ನೋದು ಫುಲ್ ಫ್ರೇಮಿನ 75, ಕೆಲವದರಲ್ಲಿ 80ರ ಹಾಗೆ ಕಾಣುತ್ತೆ, ಮುಖಕ್ಕೆ ಹೇಳಿ ಮಾಡಿಸಿದ್ದು. "ಜೂಮ್ ಇಲ್ವಾ? ಮತ್ತೆಂತಕ್ಕೆ ಅಷ್ಟು ದುಡ್ಡು?" ಅಂತ ಅಕ್ಕ ಕೇಳಿದಳು. ಇಲ್ಲ, ಎದ್ದು ಮುಂದೆ ಹೋಗಬೇಕು ಅಂದೆ. ಅವಳಿಗೆ ನನ್ನ ಮೇಲಿದ್ದ ಸ್ವಲ್ಪ ಗೌರವವೂ ಹೋಯಿತು.

ಅಪ್ಪಯ್ಯನ ಹತ್ರ ಒಂದು ರೀಲ್ ಕ್ಯಾಮೆರಾ ಇತ್ತು. 36 ಫೋಟೋ, ಮುಗಿದರೆ ಮುಗೀತು. ಮಾರಿಕಾಂಬಾ ಜಾತ್ರೆಯಲ್ಲಿ ಬಳೆ ಅಂಗಡಿ ಮುಂದೆ ಆಯಿ ನಿಂತ ಫೋಟೋ ಅದರಲ್ಲಿ ತೆಗೆದದ್ದು. ಪೂರ್ತಿ ಅಲುಗಾಡಿದೆ. ಆಯಿ ನಗುತ್ತಿದ್ದಾಳೆ, ಅಪ್ಪಯ್ಯನೂ ನಗುತ್ತಿದ್ದನೇನೋ, ಅದಕ್ಕೇ ಕೈ ಅಲುಗಿರಬೇಕು. ಆಲ್ಬಮ್ ತೆಗೆದಾಗೆಲ್ಲ ಎಲ್ಲರ ಕೈ ನಿಲ್ಲೋದು ಅಲ್ಲೇ. ಯಾವ ಕಂಪನಿ ಅಂತ ಇವತ್ತಿಗೂ ಒಬ್ಬರೂ ಕೇಳಿಲ್ಲ.

ಬೆಳಿಗ್ಗೆ ಭಾವನ ಫೋನು. ಮಗನ ಉಪನಯನ ಬಂತಂತೆ, ಫೋಟೋಕ್ಕೆ ನಾನೇ ಬರಬೇಕಂತೆ, ಆ ಸಣ್ಣ ಕ್ಯಾಮೆರಾ ಬೇಗ ತರಿಸಬೇಕಂತೆ.

"ಅಲ್ಲ ಭಾವಾ, ನಿಮ್ಮ ಫುಲ್ ಫ್ರೇಮ್?"

"ಅದು ಭಾರ ಆಗ್ತು ಮಾರಾಯಾ."