ಕಾಲುವೆಯ ಕೊನೆಯ ಹೊಲಕ್ಕೆ ಸರ್ಕಾರ ಬೇಕು

‘ಸರ್ಕಾರ ಯಾಕೆ ಬೇಕು? ಅದು ದೂರ ಸರಿದರೆ ಸಾಕು, ಜನ ತಾವೇ ಹೊಂದಿಕೊಂಡು ಬದುಕುತ್ತಾರೆ’ ಎಂಬ ಮಾತು ಈಚೆಗೆ ಓದಿದವರ ಬಾಯಲ್ಲೇ ಹೆಚ್ಚು ಕೇಳಿಬರುತ್ತಿದೆ. ತೆರಿಗೆ ಕಟ್ಟಿ, ಕಚೇರಿಗೆ ಅಲೆದು ಬೇಸತ್ತವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ತುಂಗಭದ್ರಾ ಎಡದಂಡೆ ಕಾಲುವೆ.

ಸುಮಾರು 227 ಕಿ.ಮೀ. ಉದ್ದದ ಕಾಲುವೆ ಇದು. ಕೊಪ್ಪಳ ಜಿಲ್ಲೆಯಲ್ಲಿ ಹೊರಟು ರಾಯಚೂರು ಜಿಲ್ಲೆಯ ಒಣನೆಲಕ್ಕೆ ನೀರು ತರುತ್ತದೆ. ಯೋಜನೆ ರೂಪಿಸಿದಾಗಿನ ಲೆಕ್ಕವೇ ಬೇರೆ ಇತ್ತು: ಬರದ ಸೀಮೆಯಲ್ಲಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ ಆಸರೆಯಾಗಿ, ಆದಷ್ಟು ಹೆಚ್ಚು ಹೊಲಗಳಿಗೆ ನೀರು ಹಂಚಬೇಕು ಎಂಬುದು. ಆಮೇಲೆ ಕಾಲುವೆಯ ಮೇಲ್ಭಾಗದ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹೆಚ್ಚು ನೀರು ಬೇಡುವ ಭತ್ತದ ಗದ್ದೆಗಳು ಹಬ್ಬಿದವು. ಅಕ್ಕಿ ಗಿರಣಿಗಳು ಬಂದವು, ಊರುಗಳು ಬೆಳೆದವು. ಇತ್ತ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆಭಾಗದ ರೈತರು ನೀರು ಬಾರದೆ ರಸ್ತೆ ತಡೆದು ಕೂರುವ ಸುದ್ದಿ ವರ್ಷ ವರ್ಷವೂ ಪತ್ರಿಕೆಯಲ್ಲಿ ಬರುತ್ತದೆ.

ಮೇಲ್ಭಾಗದವರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅವರಿಗೂ ಸಾಲವಿದೆ, ಮದುವೆಗೆ ಬಂದ ಮಕ್ಕಳಿದ್ದಾರೆ. ಕಣ್ಣೆದುರು ನೀರು ಹರಿಯುತ್ತಿರುವಾಗ, ಭತ್ತಕ್ಕೆ ಒಳ್ಳೆಯ ಬೆಲೆ ಇರುವಾಗ ಪಂಪ್‌ಸೆಟ್ ಇಡಬೇಡ ಎಂದು ಮನಸ್ಸಿಗೆ ಹೇಳಿಕೊಳ್ಳುವುದು ಸುಲಭವಲ್ಲ. ತಾನೊಬ್ಬ ಬಿಟ್ಟರೆ ಪಕ್ಕದವನು ಎತ್ತಿಕೊಳ್ಳುತ್ತಾನೆ ಎಂಬ ಅವನ ಲೆಕ್ಕವೂ ಸುಳ್ಳಲ್ಲ. ಒಬ್ಬೊಬ್ಬರ ಲೆಕ್ಕವೂ ಸರಿಯಾಗಿಯೇ ಇದ್ದು, ಎಲ್ಲವೂ ಕೂಡಿದಾಗ ಎಷ್ಟೋ ಕಿಲೋಮೀಟರ್ ಆಚೆ ಒಬ್ಬನ ಹತ್ತಿ ಒಣಗುತ್ತದೆ. ಆ ಒಬ್ಬನ ಮುಖವನ್ನು ಇವರು ಯಾರೂ ನೋಡಿಲ್ಲ, ಮುಂದೆ ನೋಡುವುದೂ ಇಲ್ಲ. ಒಳ್ಳೆಯತನ ಸೋಲುವುದು ಇಲ್ಲಿಯೇ.

‘ಹಿಂದೆ ಊರವರೇ ಕೆರೆ ನೋಡಿಕೊಳ್ಳುತ್ತಿರಲಿಲ್ಲವೇ?’ ಎಂದು ಕೇಳುವವರಿದ್ದಾರೆ. ನಿಜ, ಹಳೆ ಮೈಸೂರು ಸೀಮೆಯ ನೀರಗಂಟಿ ತೂಬು ಎತ್ತಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದ. ಅವನ ಮಾತಿಗೆ ಬೆಲೆಯಿತ್ತು. ಆದರೆ ಅದು ಒಂದು ಊರಿನ ಕೆರೆ. ತಪ್ಪು ಮಾಡಿದವನು ಮರುದಿನ ಅದೇ ಕಟ್ಟೆಯಲ್ಲಿ ಎಲ್ಲರ ಎದುರು ಕೂರಬೇಕಿತ್ತು. ಅಲ್ಲದೆ ಆ ಕೆರೆಗಳನ್ನು ಕಟ್ಟಿದವರಿಗೆ, ದುರಸ್ತಿ ಮಾಡಿಸಿದವರಿಗೆ ಭೂಮಿಯನ್ನು ಕಟ್ಟುಕೊಡಗೆಯಾಗಿ ಕೊಟ್ಟ ಶಾಸನಗಳು ನಮ್ಮಲ್ಲಿ ಬೇಕಾದಷ್ಟು ಸಿಗುತ್ತವೆ. ಊರಿನ ಹಿಂದೆ ಆಳುವವರೂ ಇದ್ದರು. ಇಂದಿನ ನೀರು ಬಳಕೆದಾರರ ಸಹಕಾರ ಸಂಘಗಳ ಬಗ್ಗೆಯೂ ನನಗೆ ಗೌರವವಿದೆ. ತಮ್ಮ ಉಪಕಾಲುವೆಗೆ ಬಂದ ನೀರನ್ನು ಅವು ಹಂಚಬಲ್ಲವು. ಬಾರದ ನೀರನ್ನು ಹೇಗೆ ಹಂಚಿಯಾವು?

ಹೂಳು ತುಂಬಿ, ಈ ಕಾಲುವೆಗೆ ನೀರು ಕೊಡುವ ತುಂಗಭದ್ರಾ ಜಲಾಶಯವೇ ಕುಗ್ಗುತ್ತಿದೆ. ಮೊದಲು 133 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದುದು ಈಗ ಸುಮಾರು 105ಕ್ಕೆ ಇಳಿದಿದೆ. ಆ ನೀರಿನಲ್ಲಿ ಆಂಧ್ರ, ತೆಲಂಗಾಣಗಳಿಗೂ ಪಾಲಿದೆ. ನೀರು ಕಡಿಮೆಯಾದಷ್ಟೂ ಹಂಚುವವನ ಕೈ ಗಟ್ಟಿಯಾಗಿರಬೇಕು, ನೇರವಾಗಿಯೂ ಇರಬೇಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ವಾರದೊಳಗೆ ನೀರು ನಿಲ್ಲಿಸಲಾಯಿತು. ಎಂಜಿನಿಯರುಗಳು, ಕಾರ್ಮಿಕರು, ಹಣ, ಆದೇಶ ಎಲ್ಲವನ್ನೂ ಒಂದೆಡೆ ತರುವ ಶಕ್ತಿ ಯಾವ ಊರಿಗೂ ಇರಲಿಲ್ಲ. ಆ ಗೇಟನ್ನು ಅಷ್ಟು ಹಳೆಯದಾಗುವವರೆಗೆ ಹಾಗೇ ಬಿಟ್ಟದ್ದೂ ಆಳುವವರೇ. ಅದನ್ನು ನಾನು ಮರೆಮಾಚುವುದಿಲ್ಲ.

ಹಾಗಾಗಿ ನನ್ನ ಜಗಳ ಸರ್ಕಾರ ಇರುವುದರ ಮೇಲಲ್ಲ, ಇರಬೇಕಾದ ಜಾಗದಲ್ಲಿ ಅದು ಇಲ್ಲದಿರುವುದರ ಮೇಲೆ. 1965ರ ನೀರಾವರಿ ಕಾಯ್ದೆ ಇದೆ, ಅಕ್ರಮವಾಗಿ ನೀರು ಎತ್ತುವವರಿಗೆ ಶಿಕ್ಷೆ ಬಿಗಿಗೊಳಿಸುವ ತಿದ್ದುಪಡಿಯೂ 2024ರಲ್ಲಿ ಬಂದಿದೆ. ಆದರೆ ಚುನಾವಣೆ ಹತ್ತಿರವಾದಾಗ ಮೇಲ್ಭಾಗದ ಪಂಪ್‌ಸೆಟ್ಟುಗಳಿಗೆ ಕೈಹಾಕುವ ಧೈರ್ಯ ಯಾರಿಗಿದೆ? ಸರ್ಕಾರ ಸೋತ ಜಾಗದಲ್ಲಿ ಸ್ವಾತಂತ್ರ್ಯ ಬರುವುದಿಲ್ಲ. ದೊಡ್ಡ ಮೋಟಾರು ಇದ್ದವನ ಆಳ್ವಿಕೆ ಬರುತ್ತದೆ. ಅವನನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಲು ನಮ್ಮ ಕೈಯಲ್ಲಿ ಮತವಿಲ್ಲ, ಅವನ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಾಗುವುದಿಲ್ಲ.

ಕಾಲುವೆಗೆ ಯಾವಾಗ, ಎಷ್ಟು ನೀರು ಬಿಡಬೇಕೆಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಮುಂದಿನ ಸಭೆಗೆ ನಮ್ಮ ಭಾಗದ ಶಾಸಕರು ಒಂದೇ ಒಂದು ಬೇಡಿಕೆ ಇಟ್ಟು ಹೋಗಲಿ. ಪ್ರತಿ ವಿತರಣಾ ಕಾಲುವೆಯ ಗೇಜ್ ಮಟ್ಟ, ಅಂದರೆ ಅಳತೆಪಟ್ಟಿ ತೋರಿಸುವ ನೀರಿನ ಎತ್ತರ, ಎಷ್ಟಿರಬೇಕಿತ್ತು, ಎಷ್ಟಿದೆ ಎಂಬುದನ್ನು ದಿನವೂ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಯಲಿ, ಅದರ ಕೆಳಗೆ ಹೊಣೆ ಹೊತ್ತ ಎಂಜಿನಿಯರರ ಸಹಿ ಇರಲಿ. ನೀರು ಎಲ್ಲಿ ತಪ್ಪಿತು ಎಂದು ಕೇಳಲು ನಮಗೆ ಒಂದು ಹೆಸರು ಸಿಗುತ್ತದೆ.