ಆ ಮಾತು ಬಾರ್ನಮ್ ಹೇಳಿದ್ದಕ್ಕೆ ದಾಖಲೆ ಇಲ್ಲ

‘ನಿಮಿಷಕ್ಕೊಬ್ಬ ಪೆದ್ದ ಹುಟ್ತಾನೆ’ ಅಂತ ಅಮೆರಿಕದ ಸರ್ಕಸ್ ಮಾಲೀಕ ಪಿ. ಟಿ. ಬಾರ್ನಮ್ ಹೇಳಿದ್ದ ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ಇದಕ್ಕೆ ದಾಖಲೆಯೇ ಇಲ್ಲ. ಸುಮ್ನೆ ಅವನ ತಲೆಗೆ ಕಟ್ಟಿದ್ದಾರೆ.

ಹಾಗಂತ ಅವನೇನು ಸಾಚಾ ಅಲ್ಲ. 1835ರಲ್ಲಿ ಜಾಯ್ಸ್ ಹೆತ್ ಎಂಬ ಗುಲಾಮ ಮುದುಕಿಯನ್ನು ‘ಇವಳಿಗೆ 161 ವರ್ಷ, ಜಾರ್ಜ್ ವಾಷಿಂಗ್ಟನ್‌ರನ್ನು ಸಾಕಿದವಳು’ ಎಂದು ಸುಳ್ಳು ಹೇಳಿ ಊರೂರಲ್ಲಿ ತೋರಿಸಿ ಕಾಸು ಮಾಡಿದ. ಅವಳು ಸತ್ತ ಮೇಲೆ ಶವಪರೀಕ್ಷೆ ನೋಡುವುದಕ್ಕೂ ಟಿಕೆಟ್ ಇಟ್ಟ! ಆ ಮಾತಿಗಿಂತ ಇದು ಜಾಸ್ತಿ ಕೆಟ್ಟದ್ದು, ಅಲ್ವಾ?

1865ರಲ್ಲಿ ಕನೆಕ್ಟಿಕಟ್ ಶಾಸಕನಾಗಿ ಕಪ್ಪು ಜನರ ಮತದ ಹಕ್ಕಿನ ಪರ ಮಾತಾಡಿದವನೂ ಇವನೇ. ಸರ್ಕಸ್ಸಿಗೆ ಇಳಿದದ್ದು ಅರವತ್ತು ದಾಟಿದ ಮೇಲೆ. 1875ರಲ್ಲಿ ಬ್ರಿಡ್ಜ್‌ಪೋರ್ಟ್ ಮೇಯರ್ ಆಗಿ ಊರಿನ ನೀರು ಸರಬರಾಜು ಸುಧಾರಿಸಲು ಓಡಾಡಿದ.